ಮೂಲ ತೆರೆದು ಓದಿದ ವಕೀಲ

ಕಳೆದ ಮಳೆಗಾಲದಲ್ಲಿ ನಮ್ಮ ಮುಂಬೈ ಆಫೀಸಿಗೆ ಒಂದು ಫೈಲ್ ಬಂತು. ಜಾಗ ಉಡುಪಿ ಕಡೆಯದು, ಕಕ್ಷಿದಾರರು ಅಂಧೇರಿಯವರು. ಹಳೆಯ ಕನ್ನಡ ಪತ್ರಕ್ಕೆ ಇಂಗ್ಲಿಷ್ ಅನುವಾದ ಲಗತ್ತಿಸಿದ್ದರು. ‘ಅನುವಾದ ನೋಡಿದರೆ ಸಾಕು’ ಎಂದರು ಸೀನಿಯರ್. ಅದರಲ್ಲಿ ಬರೀ ‘ಲೀಸ್’ ಎಂದಿತ್ತು. ಕನ್ನಡ ಕಂಡರೆ ಓದದೆ ಬಿಡಲಾಗದ ನಾನು ಮೂಲ ತೆರೆದೆ. ಅಲ್ಲಿದ್ದದ್ದು ‘ಮೂಲಗೇಣಿ’. ಕರಾವಳಿಯವರಿಗೆ ಗೊತ್ತು: ಚಾಲಗೇಣಿ ತಾತ್ಕಾಲಿಕ, ಮೂಲಗೇಣಿ ಶಾಶ್ವತ. ಕಕ್ಷಿದಾರರ ಅಜ್ಜನ ಮನೆ ಆ ಒಂದು ಪದದ ಮೇಲೆ ನಿಂತಿತ್ತು.

ಆ ಸಂಜೆ ಲೋಕಲ್ ರೈಲಿನಲ್ಲಿ ನೆನಪಾದವರು ಆಂಡ್ರಿಯಾ ಆಲ್ಚಾಟೊ. ಲಾ ಕಾಲೇಜಿನಲ್ಲಿ ಕೇಳಿ ಮರೆತಿದ್ದ ಹೆಸರು.

1492ರಲ್ಲಿ ಮಿಲಾನ್ ಸೀಮೆಯಲ್ಲಿ ಹುಟ್ಟಿದ ಆಲ್ಚಾಟೊ ಪಾವಿಯಾ, ಬೊಲೊನ್ಯಾಗಳಲ್ಲಿ ಕಾನೂನು ಓದಿದರು. ಚಕ್ರವರ್ತಿ ಜಸ್ಟಿನಿಯನ್ 6ನೇ ಶತಮಾನದಲ್ಲಿ ಮಾಡಿಸಿದ ರೋಮನ್ ಕಾನೂನಿನ ಸಂಗ್ರಹವೇ ಆಗ ಪಠ್ಯ. ಆದರೆ ವಕೀಲರು ಮೂಲಕ್ಕಿಂತ ಅದರ ಅಂಚಿನ ವ್ಯಾಖ್ಯಾನಗಳನ್ನೇ ಹೆಚ್ಚು ನಂಬುತ್ತಿದ್ದರು. ನಡುವೆ ಗ್ರೀಕ್ ಸಾಲು ಬಂದರೆ ‘ಇದು ಗ್ರೀಕ್, ಓದುವುದಿಲ್ಲ’ ಎಂದು ಮುಂದೆ ಹೋಗುವುದು ರೂಢಿ. ಆಲ್ಚಾಟೊ ಗ್ರೀಕ್ ಕಲಿತರು. ಇಪ್ಪತ್ತು ದಾಟಿದ ವಯಸ್ಸಿನಲ್ಲೇ, 1515ರಲ್ಲಿ, ಜಸ್ಟಿನಿಯನ್ ಸಂಹಿತೆಯ ಕೊನೆಯ ಮೂರು ಪುಸ್ತಕಗಳಿಗೆ ಟಿಪ್ಪಣಿ ಪ್ರಕಟಿಸಿದರು. ಒಂದು ಪದಕ್ಕೆ ಅದನ್ನು ಬರೆದ ಕಾಲದಲ್ಲಿ ಏನು ಅರ್ಥವಿತ್ತು ಎಂದು ಕೇಳಿ, ಇತಿಹಾಸವನ್ನೂ ಸಾಹಿತ್ಯವನ್ನೂ ಸಾಕ್ಷಿಗೆ ಕರೆದರು. 1530ರಲ್ಲಿ ಪದಗಳ ಅರ್ಥದ ಬಗ್ಗೆಯೇ ಒಂದು ಗ್ರಂಥ ತಂದರು. ಮರುವರ್ಷ ಆಗ್ಸ್‌ಬರ್ಗ್‌ನಲ್ಲಿ ಅಚ್ಚಾದ ಅವರ ಚಿತ್ರ-ಪದ್ಯಗಳ ಪುಸ್ತಕ ‘ಎಂಬ್ಲೆಮಾಟಾ’ ಯುರೋಪಿನಲ್ಲಿ ಮನೆಮಾತಾಯಿತು.

ಅವರೂ ನಮ್ಮಂತೆ ಊರೂರು ಅಲೆದವರು. ಯುದ್ಧ ಒಂದೆಡೆ, ಸಂಬಳ ಇನ್ನೊಂದೆಡೆ. ಅವಿನ್ಯೋನ್, ಮಿಲಾನ್, ಮತ್ತೆ ಅವಿನ್ಯೋನ್. 1529ರಲ್ಲಿ ಫ್ರಾನ್ಸಿನ ಬೂರ್ಜ್. ಅಲ್ಲಿ ಅವರ ಪಾಠ ಕೇಳಿದವರಲ್ಲಿ ಜಾನ್ ಕ್ಯಾಲ್ವಿನ್ ಕೂಡ ಒಬ್ಬರು. ಆಮೇಲೆ ಪಾವಿಯಾ, ಬೊಲೊನ್ಯಾ, ಫೆರಾರಾ. ದುಡ್ಡಿಗಾಗಿ ಓಡಾಡುತ್ತಾರೆ ಎಂದು ಆಡಿಕೊಂಡವರೂ ಇದ್ದರು. 1550ರಲ್ಲಿ ಪಾವಿಯಾದಲ್ಲೇ ತೀರಿಕೊಂಡರು.

ಅವರು ಬೆಳೆಸಿದ ಓದಿನ ಕ್ರಮ ಬೇರು ಬಿಟ್ಟದ್ದು ಹೊರನಾಡಿನಲ್ಲಿ. ಇಟಲಿಯವರು ಕಟ್ಟಿದ ಆ ದಾರಿಗೆ ಉಳಿದ ಹೆಸರು ‘ಫ್ರೆಂಚ್ ಪದ್ಧತಿ’!

ನಮ್ಮ ಅನುವಾದ ತಿದ್ದಿದ್ದಾಯಿತು. ಪ್ರಕರಣ ಇನ್ನೂ ನಡೆಯುತ್ತಿದೆ. ಕನ್ನಡದ ಪತ್ರ ಬಂದರೆ ಸೀನಿಯರ್ ಈಗ ಅನುವಾದ ಕೇಳುವುದಿಲ್ಲ, ನನ್ನ ಮೇಜಿಗೆ ಕಳಿಸುತ್ತಾರೆ. ಊರು ಬಿಟ್ಟು ಹದಿನಾಲ್ಕು ವರ್ಷ. ಅಮ್ಮ ಕಲಿಸಿದ ಅಕ್ಷರ ಇಲ್ಲಿ ಹೀಗೆ ಅನ್ನಕ್ಕೂ ನ್ಯಾಯಕ್ಕೂ ಒದಗುತ್ತದೆಂದು ನಾನು ಅಂದುಕೊಂಡಿರಲಿಲ್ಲ.