ಜೇಬಿನೊಳಗಿನ ಬೀಗದಕೈ

ಠಾಣೆಗೆ ಹೋಗುವ ಬೆಳಗಿನ ಲೋಕಲಿನಲ್ಲಿ, ಡೊಂಬಿವಲಿ ದಾಟುತ್ತಲೇ ನಮ್ಮ ಮಿತ್ರರಿಬ್ಬರಿಗೆ ವಾದ ಹತ್ತಿತು. ಒಬ್ಬರು ತಮ್ಮ ಪಿಕ್ಸೆಲ್ ಫೋನಿನಲ್ಲಿದ್ದ ಆಂಡ್ರಾಯ್ಡನ್ನು ತೆಗೆದು, ಗ್ರಾಫೀನ್ ಓಎಸ್ ಎಂಬ ಬೇರೆ ಕಾರ್ಯವ್ಯವಸ್ಥೆಯನ್ನು ಹಾಕಿಕೊಂಡಿದ್ದರು. ಗೂಗಲ್ಲಿನ ಆ್ಯಪುಗಳೂ ಇದರಲ್ಲಿ ಉಳಿದವುಗಳಂತೆ ಅಪ್ಪಣೆ ಬೇಡಿಯೇ ನಡೆಯಬೇಕು. ಯಜಮಾನಿಕೆ ನನ್ನದು ಎಂಬುದು ಅವರ ಹೆಮ್ಮೆ.

ಇನ್ನೊಬ್ಬರು ನಕ್ಕರು. ಗೂಗಲ್ಲಿನಿಂದ ತಪ್ಪಿಸಿಕೊಳ್ಳಲು ಗೂಗಲ್ಲಿನ ಫೋನನ್ನೇ ಕೊಂಡಿರಲ್ಲ! ಕೆಲವು ಬ್ಯಾಂಕುಗಳ ಆ್ಯಪುಗಳೂ ಇದರಲ್ಲಿ ನಡೆಯಲೊಲ್ಲವಂತೆ. ಮುಚ್ಚಿಡುವಂಥದು ಏನೂ ಇಲ್ಲದ ಸಂಸಾರಿಗೆ ಈ ಪಾಡೇಕೆ?

ಈ ಕಡೆಯ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದರು. ಗುಟ್ಟಿದ್ದವನಿಗಷ್ಟೇ ಸಿಕ್ಕ ಹಕ್ಕಲ್ಲ ಅದು.

ಹಾಗೆಂದು ಎಲ್ಲರೂ ವ್ಯವಸ್ಥೆಯನ್ನೇ ಬದಲಿಸಲಿ ಎನ್ನಲಾರೆ. ಬದಲಿಸುವಾಗ ಫೋನಿನಲ್ಲಿದ್ದುದೆಲ್ಲ ಅಳಿದುಹೋಗುತ್ತದೆ. ಕೈತಪ್ಪಿದರೆ ಫೋನೇ ಕೆಡಬಹುದು. ಬಲ್ಲವರು ಮಾಡಲಿ. ಉಳಿದವರು ಸೆಟ್ಟಿಂಗ್ಸಿನಲ್ಲಿ ಯಾವ ಆ್ಯಪಿಗೆ ಏನೇನು ಅನುಮತಿಯಿದೆಯೆಂದು ಒಮ್ಮೆ ನೋಡಲಿ. ಟಾರ್ಚಿನ ಆ್ಯಪಿಗೆ ನಮ್ಮ ಬಳಗದ ನಂಬರುಗಳೇಕೆ?

ನನ್ನದೆಂಬ ಗುಟ್ಟು ಇಲ್ಲದಿರಬಹುದು. ಆದರೆ ನನ್ನ ಫೋನಿನಲ್ಲಿ ತಂಗಿಯ ಮನೆಯ ವಿಳಾಸವಿದೆ, ತಂದೆಯವರ ಔಷಧದ ಚೀಟಿಯಿದೆ. ಅವನ್ನು ಪರರಿಗೆ ಒಪ್ಪಿಸಲು ಅವರು ನನಗೆ ಅಪ್ಪಣೆ ಕೊಟ್ಟಿಲ್ಲ.