ಒಂದು ಲಿಂಕ್, ಒಂದು ಖಾಲಿ ಸೀಟು

ಶುಕ್ರವಾರ ಬೆಳಗ್ಗೆ ಮೊದಲ ಶೋ. ಸಂಜೆಯೊಳಗೆ ನಿಮ್ಮ ಮೊಬೈಲ್‌ಗೆ ಅದೇ ಸಿನಿಮಾದ ಲಿಂಕ್! ತೆರೆದರೆ ಓರೆಯಾದ ಚಿತ್ರ, ಗೊಗ್ಗರು ದನಿ, ನಡುವೆ ಎದ್ದು ಹೋಗುವ ಯಾರದೋ ತಲೆ. ಒಂದು ತಂಡದ ವರ್ಷಗಳ ಬೆವರನ್ನು ಹೀಗಾ ನೋಡೋದು?

ಮನೆಯಲ್ಲಿ ಸಿನಿಮಾ ನೋಡೋದು ತಪ್ಪಲ್ಲ. 2020ರಲ್ಲಿ ಥಿಯೇಟರ್‌ಗಳಿಗೆ ಬೀಗ ಬಿದ್ದಾಗ, ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ಯನ್ನು ನೇರವಾಗಿ ಅಮೆಜಾನ್ ಪ್ರೈಮ್‌ಗೆ ತಂತು. ಮನೆಯೇ ಥಿಯೇಟರ್ ಆಯ್ತು, ನಿರ್ಮಾಪಕರಿಗೂ ದಾರಿ ಸಿಕ್ಕಿತು.

ಆದರೆ ಓಟಿಟಿಯ ಬಾಗಿಲು ಎಲ್ಲರಿಗೂ ತೆರೆಯಲ್ಲ. ರಕ್ಷಿತ್ ಶೆಟ್ಟಿ ಅವರ ಪರಂವಃ ಸ್ಟುಡಿಯೋಸ್‌ನ ‘ಏಕಂ’ ಸರಣಿಗೆ ಓಟಿಟಿ ವೇದಿಕೆ ಸಿಗದೆ, 2024ರಲ್ಲಿ ಸ್ವಂತ ವೇದಿಕೆಯಲ್ಲೇ ಬಿಡುಗಡೆ ಮಾಡಬೇಕಾಯ್ತು.

ಹಾಗಾಗಿ ಥಿಯೇಟರ್‌ನ ಓಟವೇ ಮುಖ್ಯ. ‘ಕಾಂತಾರ’ವನ್ನೇ ನೋಡಿ. 2022ರ ಸೆಪ್ಟೆಂಬರ್ 30ಕ್ಕೆ ಥಿಯೇಟರ್, ನವೆಂಬರ್ 24ಕ್ಕೆ ಪ್ರೈಮ್. ನಡುವೆ ಸುಮಾರು ಎಂಟು ವಾರ. ಆ ಎಂಟು ವಾರದಲ್ಲಿ ಬಾಯಿಂದ ಬಾಯಿಗೆ ಮಾತು ಹಬ್ಬಿತು, ಊರೂರಲ್ಲಿ ಹೌಸ್‌ಫುಲ್ ಬೋರ್ಡ್ ಬಿತ್ತು. ಒಳ್ಳೆಯ ಸಿನಿಮಾಗೆ ಬೇಕಿರೋದು ಈ ಸಮಯ. ಪೈರಸಿ ಕದಿಯೋದೂ ಇದನ್ನೇ.

2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆ ಪ್ರಕಾರ, ಥಿಯೇಟರ್‌ನಲ್ಲಿ ಸಿನಿಮಾ ಕದ್ದು ಚಿತ್ರೀಕರಿಸಿದರೆ 3 ತಿಂಗಳಿಂದ 3 ವರ್ಷ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ. ಆದರೆ ಕಾನೂನಿಗಿಂತ ದೊಡ್ಡದು ನಮ್ಮ ಬೆರಳು.

ಆ ಲಿಂಕ್ ಫಾರ್ವರ್ಡ್ ಮಾಡಬೇಡಿ. ಸಾಧ್ಯವಾದರೆ ಥಿಯೇಟರ್‌ಗೆ ಹೋಗಿ. ಆಗದಿದ್ದರೆ ಓಟಿಟಿಗೆ ಬರುವವರೆಗೆ ಕಾಯಿರಿ. ನಮ್ಮ ಭಾಷೆಯ ಮುಂದಿನ ಸಿನಿಮಾ ಹುಟ್ಟೋದು ನಾವು ಕೊಡುವ ಟಿಕೆಟ್ ದುಡ್ಡಿನಿಂದಲೇ.