ಜಿರಲೆಯು ಉದರವನ್ನು ಸೇರಿದರೆ

ಅನ್ನದೊಡನೆ ಜಿರಲೆಯೊಂದು ಗಂಟಲಿಳಿಯಿತೆಂದರೆ ವಿಷಪ್ರಾಶನವೇ ಆಯಿತೆಂದು ಮನೆಯವರು ಕಂಗೆಡುವುದುಂಟು. ಆದರೆ ಹಾವು ಚೇಳುಗಳಂತೆ ಜಿರಲೆಗೆ ವಿಷಗ್ರಂಥಿಯಿಲ್ಲ. ಶ್ವಾಸಕೋಶವೂ ಇಲ್ಲ, ಪಕ್ಕೆಗಳ ಸಣ್ಣ ರಂಧ್ರಗಳಿಂದಲೇ ಉಸಿರಾಡುವುದರಿಂದ ತಲೆ ಹೋದರೂ ಕೆಲವು ದಿನ ಬದುಕಬಲ್ಲದು! ಇಂಥ ಗಟ್ಟಿಜೀವವೂ ನಮ್ಮ ಜಠರಾಮ್ಲದಲ್ಲಿ ಉಳಿಯಲಾರದು. ಹೊರಕವಚದ ಕೈಟಿನ್ ಮಾತ್ರ ಬಹುಪಾಲು ಜೀರ್ಣವಾಗದೆ ಹೊರಬೀಳುತ್ತದೆ. ಅಂಜಬೇಕಾದುದು ಅದರ ಕಾಲಿಗಂಟಿದ ಬಚ್ಚಲಿನ ಕೊಳೆಗೆ. ಅದರಲ್ಲಿ ಸಾಲ್ಮೊನೆಲ್ಲಾ ಮೊದಲಾದ ರೋಗಾಣುಗಳಿರಬಹುದು.

2012ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಜಿರಲೆ ತಿನ್ನುವ ಪಂದ್ಯವನ್ನು (ಎಂಥ ಪಂದ್ಯವೋ!) ಗೆದ್ದವನೊಬ್ಬನು ಅಸುನೀಗಿದನು. ಕೀಟಗಳ ತುಣುಕುಗಳು ಶ್ವಾಸಮಾರ್ಗವನ್ನು ಮುಚ್ಚಿದ್ದುವೆಂದು ಶವಪರೀಕ್ಷೆಯಿಂದ ತಿಳಿದುಬಂದಿತು. ಜೊತೆಗೆ ತಿಂದ ಇತರರಿಗೆ ಏನೂ ಆಗಲಿಲ್ಲ.

ಮಗುವು ನುಂಗಿದರೆ ಬಾಯಿ ತೊಳೆಯಿಸಿ ನೀರು ಕುಡಿಸಬೇಕು, ವಾಂತಿ ಮಾಡಿಸಬಾರದು. ಉಬ್ಬಸವಾಗಲಿ ತುಟಿಯ ಬಾವಾಗಲಿ ಕಂಡರೆ, ಅಥವಾ ಮನೆಯಲ್ಲಿ ಜಿರಲೆಮದ್ದು ಇಟ್ಟಿದ್ದರೆ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.